ಕೊಡಗಿನ ಕಾಲಮೀಮಾಂಸೆ: ಸೆಮಿಸ್ಟರ್ ಜೀವಿಗಳ ಸಮಯ ನಿರ್ವಹಣೆ ಹಾಗೂ ಛಲಸಂವರ್ಧನೆಯ ಒಂದು ಅಸಮಗ್ರ ಅಧ್ಯಯನ

ಪ್ರಸ್ತುತ ಪ್ರಬಂಧವು ‘ವಿದ್ಯಾರ್ಥಿಕೇಂದ್ರಿತ ಸಮಗ್ರ ಸಮಯ ನಿರ್ವಹಣಾ ಹಾಗೂ ಛಲಸಂವರ್ಧನಾ ಕೌಶಲ್ಯಾಭಿವೃದ್ಧಿ ಕಾರ್ಯಾಗಾರ’ ಎಂಬ, ಬ್ಯಾನರಿನ ಎರಡು ಸಾಲಿಗೆ ಹಿಡಿಸದೆ ಮೂರನೆಯದಕ್ಕೆ ಇಳಿದ ವಿದ್ಯಮಾನದಿಂದ ಪ್ರೇರಿತವಾಗಿದೆ. ಸದರಿ ವಿದ್ಯಮಾನವು ಜುಲೈ ತಿಂಗಳ ಜಡಿಮಳೆಯಲ್ಲಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಸಂಭವಿಸಿತು. ಕಾಲೇಜಿನ ಹೆಸರು ಬೇಡ. ಇದು ಎಲ್ಲ ಕಾಲೇಜಿಗೂ ಬರುವ ಜ್ವರ. ಹತ್ತು ಗಂಟೆಗೆ ಶುರುವಾಗಬೇಕಿದ್ದ ಸಮಯ ನಿರ್ವಹಣೆಯು ಮುಖ್ಯ ಅತಿಥಿಗಳ ದಾರಿ ಕಾದು, ಹನ್ನೊಂದೂ ಮುಕ್ಕಾಲಿಗೆ ದೀಪ ಬೆಳಗಿಸಿಕೊಂಡಿತು. ಉಪನ್ಯಾಸಕರ ಹಾಜರಿ ಕಡ್ಡಾಯವಾಗಿದ್ದುದರಿಂದ ಪ್ರಬಂಧಕಾರನೂ ಪ್ರತ್ಯಕ್ಷಸಾಕ್ಷಿ.

ಪೂರ್ವಪಕ್ಷ: ಸಂಪನ್ಮೂಲ ವ್ಯಕ್ತಿಗಳ ಮತದಲ್ಲಿ ಕಾಲವು ಏಕರೂಪಿ, ಸಕಲ ಜೀವಿಗಳಿಗೂ ದಿನಕ್ಕೆ 24 ಗಂಟೆ. ಅದನ್ನು ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿನ ನಾಲ್ಕು ಚೌಕದ ಪೆಟ್ಟಿಗೆಯಲ್ಲಿ ತುಂಬಬೇಕು: ತುರ್ತೂ ಮಹತ್ವವೂ ಆದದ್ದು, ಮಹತ್ವವಾದರೂ ತುರ್ತಲ್ಲದ್ದು, ತುರ್ತಾದರೂ ಮಹತ್ವವಲ್ಲದ್ದು, ಎರಡೂ ಅಲ್ಲದ್ದು. ತರುವಾಯ ‘ಪೊಮೊಡೊರೊ’ ವಿಧಿ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರವನ್ನು ತಿರುಗಿಸಿಟ್ಟು ಓದಿ ಕಂಡುಕೊಂಡದ್ದು: 25 ನಿಮಿಷ ಓದು, ಐದು ನಿಮಿಷ ವಿರಾಮ. ವಿಧಿಯ ಬಗ್ಗೆ ನಮ್ಮ ತಕರಾರಿಲ್ಲ. ಹುಡುಗ ಓದಿದ, ಪಾಸಾದ, ಒಳ್ಳೆಯದಾಯಿತು.

ಉತ್ತರಪಕ್ಷ: ಕೊಡವರಿಗೂ ಕೊಡಗಿನ ಉಳಿದವರಿಗೂ ಕಾಲದ ಪ್ರಜ್ಞೆ ಇಟಲಿಯಿಂದ ಬರಬೇಕಾಗಿಲ್ಲ. ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂಬುದು ವಾರಗಳ ಮೊದಲೇ ಪತ್ರಿಕೆಯಲ್ಲಿ ಬರುತ್ತದೆ. ನಟ್ಟಿರುಳಾದರೂ ಜನ ತೀರ್ಥ ಉಕ್ಕುವ ಕುಂಡಿಕೆಯೆದುರು ನಿಂತಿರುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಗೆ ನೆರೆ (ಎಲೆಗಳ ಕಟ್ಟು) ಕಟ್ಟುವ ಹೊತ್ತು, ಕದಿರು ಕೊಯ್ಯುವ ಹೊತ್ತು, ಊಟದ ಹೊತ್ತು, ಮೂರನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಗದಿ ಮಾಡಿಕೊಡುತ್ತಾರೆ. ಆದಕಾರಣ ಇಲ್ಲಿಯ ಮಕ್ಕಳಿಗೆ ಸಮಯದ ಬೆಲೆ ಗೊತ್ತಿಲ್ಲವೆಂಬ ಪ್ರಮೇಯವು ಅಸಿದ್ಧ.

ಇನ್ನು ಕಾಲಪ್ರಭೇದಗಳು. ಅವು ಏಳು.

ಒಂದು, ಗಜಕಾಲ. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ ಕಡೆಯ ವಿದ್ಯಾರ್ಥಿಗಳಲ್ಲಿ ಇದು ಪ್ರಬಲ. ಲಕ್ಷಣ: ಬೆಳಕು ಹರಿಯುವ ಮುನ್ನ ಮತ್ತು ಬೆಳಕು ಮುಳುಗಿದ ಮೇಲೆ ಕಾಲವು ವಿದ್ಯಾರ್ಥಿಯದ್ದಲ್ಲ, ಆನೆಯದ್ದು. ಸಂಪನ್ಮೂಲ ವ್ಯಕ್ತಿಗಳು ಸಭೆಯನ್ನು ಕೇಳಿದರು: ‘ಎದ್ದ ಮೊದಲ ಅರ್ಧ ಗಂಟೆಯನ್ನು ನೀವು ಯಾವುದರ ಮೇಲೆ ಹೂಡುತ್ತೀರಿ?’ ಮೂರನೆಯ ಸಾಲಿನ ಹುಡುಗಿ ಎದ್ದು ‘ನಡೀತೀನಿ ಸರ್’ ಎಂದಳು. ‘ಎಕ್ಸಲೆಂಟ್! ಮಾರ್ನಿಂಗ್ ವಾಕ್!’ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಅವಳು ನಡೆಯುವುದು ಲೈನ್‌ಮನೆಯಿಂದ ಬಸ್ ನಿಲ್ಲುವಲ್ಲಿಗೆ, ತೋಟದೊಳಗಿನ ದಾರಿಯಲ್ಲಿ. ಮುಂದೆ ಅಪ್ಪ ಟಾರ್ಚ್ ಹಿಡಿದು, ಲದ್ದಿ ಹಸಿಯೋ ಹಳತೋ ನೋಡುತ್ತ ಹೋಗಬೇಕು. ಇದನ್ನು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿತ್ತು.

ಎರಡು, ವರ್ಷಕಾಲ. ಮಳೆ ಜೋರಾದ ರಾತ್ರಿ ಜಿಲ್ಲಾಡಳಿತ ಮರುದಿನಕ್ಕೆ ರಜೆ ಸಾರುತ್ತದೆ. ಆದೇಶದಲ್ಲಿ ಬಹಳ ಸಲ ‘ಅಂಗನವಾಡಿ, ಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳಿಗೆ’ ಎಂದಿರುತ್ತದೆ. ಪದವಿಗೆ ಬಂದವರ ಮೇಲೆ ಮಳೆ ಬೀಳುವುದಿಲ್ಲವೆಂಬುದು ಇದರಿಂದ ಸಿದ್ಧ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಉಕ್ಕಿ ನಾಪೋಕ್ಲು ರಸ್ತೆ ಮುಳುಗಿದರೂ ಹಾಜರಿ ಶೇಕಡಾ 75 ಆಗಲೇಬೇಕು. ಮೇಲೆ ಹೇಳಿದ ಹುಡುಗಿ ಕೆಮಿಸ್ಟ್ರಿ ರೆಕಾರ್ಡನ್ನು ಗೊಬ್ಬರದ ಚೀಲದ ಒಳಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತರುತ್ತಾಳೆ. ಆದರೂ ಒಂದು ಮೂಲೆ ನೆನೆದು, ಟೈಟ್ರೇಶನ್ ಕೋಷ್ಟಕದ ನೀಲಿ ಅಂಕಿಗಳು ಒಂದರೊಳಗೊಂದು ಹರಿದಿದ್ದವು. ಅದರ ಮೇಲೆ ಕೆಂಪು ಶಾಯಿಯಲ್ಲಿ ‘ರೀರೈಟ್’ ಎಂದಿತ್ತು.

ಮೂರು, ಬಸ್‌ಕಾಲ. ಕೊನೆಯ ಪೀರಿಯಡ್ ಮುಗಿಯುವುದು ನಾಲ್ಕೂವರೆಗೆ, ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಮುಂದಿನ ಬಸ್ಸು ಹಿಡಿದರೆ ಇಳಿಯುವಾಗ ಗಜಕಾಲ. ಹಾಗಾಗಿ ದಿನಾ ಬಾಗಿಲ ಬಳಿ ಚಡಪಡಿಸುವ ನಾಲ್ಕಾರು ಮಕ್ಕಳನ್ನು ಶಾಸ್ತ್ರದಲ್ಲಿ ‘ಏಕಾಗ್ರತಾರಹಿತರು’ ಎನ್ನುತ್ತಾರೆ.

ನಾಲ್ಕು ವಿದ್ಯುತ್ಕಾಲ, ಐದು ಸಿಗ್ನಲ್‌ಕಾಲ, ಆರು ಕಾಫಿ ಕೊಯ್ಲಿನ ಕಾಲ. ಏಳನೆಯದು ಏನೆಂದು ಪ್ರಬಂಧಕಾರನಿಗೆ ಈಗ ಬೇಕೂ ಆಗಿಲ್ಲ. ಪಟ್ಟಿ ಸಾಕು.

ಛಲದ ಅಧ್ಯಾಯಕ್ಕೆ ಬರೋಣ. ಮಧ್ಯಾಹ್ನದ ಅವಧಿಯಲ್ಲಿ ಅದನ್ನು ಕಲಿಸಲಾಯಿತು: ಎದ್ದು ನಿಲ್ಲಿ, ಕಣ್ಣು ಮುಚ್ಚಿ, ‘ನಾನು ಸೋಲುವುದಿಲ್ಲ’ ಎಂದು ಮೂರು ಸಲ ಕೂಗಿ. ಜನವರಿಯಿಂದ ಮಾರ್ಚ್‌ವರೆಗೆ ಭಾನುವಾರ ಬಂದರೆ ಅಮ್ಮನ ಜೊತೆ ರೋಬಸ್ಟಾ ಕೊಯ್ದು, ಸೋಮವಾರ ಇಂಟರ್ನಲ್ಸ್ ಬರೆಯುವ ಮಕ್ಕಳು ಕೂಗಿದರು. ಈ ಜಿಲ್ಲೆಯಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಜರಿದು, ಮನೆಯ ಜೊತೆಗೆ ಮಾರ್ಕ್ಸ್‌ಕಾರ್ಡೂ ಮಣ್ಣಿನಡಿ ಹೋದವರಿದ್ದಾರೆ. ಪರಿಹಾರ ಕೇಂದ್ರದಿಂದ ಎದ್ದು ಮತ್ತೆ ತರಗತಿಗೆ ಬಂದು ಕೂತರಲ್ಲ, ಅವರಿಗೆ ಯಾರೂ ಛಲದ ಪಿಪಿಟಿ ತೋರಿಸಿರಲಿಲ್ಲ. ಛಲ ಸಾಲದೆ ಫೇಲಾದ ವಿದ್ಯಾರ್ಥಿಯನ್ನು ನಾನು ಹೆಚ್ಚು ಕಂಡಿಲ್ಲ. ಹಾಜರಿ ಸಾಲದೆ ಪರೀಕ್ಷೆಗೆ ಕೂರದವರನ್ನು ಪ್ರತಿ ವರ್ಷ ಕಾಣುತ್ತೇನೆ. ಅವರ ಹೆಸರು ನೋಟಿಸ್ ಬೋರ್ಡಿನಲ್ಲಿ ಅಂಟುತ್ತದೆ, ಅವರು ಅದನ್ನು ಓದಿ ಸುಮ್ಮನೆ ಹೋಗುತ್ತಾರೆ. ಮುಂದಿನ ಸಲ ಅವರನ್ನು ಕಾಣುವುದು ಯಾವುದಾದರೂ ಹೋಂಸ್ಟೇಯ ಅಡುಗೆಮನೆಯಲ್ಲಿ.

ಅಷ್ಟಕ್ಕೂ ಸಮಯ ನಿರ್ವಹಣೆಯ ಪಾಠ ಯಾರಿಗೆ ಬೇಕು? 2021ರಲ್ಲಿ ಕರ್ನಾಟಕದ ನಾವು ದೇಶಕ್ಕೆ ಮೊದಲಿಗರಾಗಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ತಂದೆವು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಿದೆವು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು. 2025ರ ಫೆಬ್ರವರಿಯಲ್ಲಿ, ಅಲ್ಲಿ ಮೊದಲು ಪದವಿಗೆ ಸೇರಿದವರು ಕೋರ್ಸ್ ಮುಗಿಸುವ ಮೊದಲೇ, ಮುಚ್ಚಬಹುದಾದ ಹೊಸ ವಿವಿಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಐದು ವರ್ಷ ಮುಂದಿನ ಗುರಿ ಬರೆಯಿರಿ ಎಂದು ಹದಿನೆಂಟರ ಮಕ್ಕಳ ಕೈಗೆ ಹಾಳೆ ಕೊಡುವವರು, ಅದನ್ನು ಮೊದಲು ಸಚಿವಾಲಯದಲ್ಲಿ ಹಂಚಬೇಕಿತ್ತು.

ಕಾರ್ಯಾಗಾರದ ಕೊನೆಯಲ್ಲಿ ಫೀಡ್‌ಬ್ಯಾಕ್ ಫಾರಂ ಬಂತು. ಅದರಲ್ಲಿ ಸಲಹೆಗೆ ಒಂದೂವರೆ ಸಾಲು ಜಾಗವಿತ್ತು. ಅಲ್ಲಿ ಹಿಡಿಸದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಸಾರಿಗೆ ಅಧಿಕಾರಿಗಳೇ, ಸಂಜೆಯ ನಾಲ್ಕೂಕಾಲಿನ ಬಸ್ಸನ್ನು ನಾಲ್ಕೂ ಮುಕ್ಕಾಲಿಗೆ ಬಿಡಿ. ಪ್ರಾಂಶುಪಾಲರೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ ಪೀರಿಯಡ್ಡನ್ನು ಹತ್ತಕ್ಕೆ ಇಡಿ, ರಸ್ತೆ ಮುಳುಗಿದ ದಿನದ ಹಾಜರಿ ಕೊಡಿ. ಇದಕ್ಕೆ ಬ್ಯಾನರ್ ಬೇಡ, ಖರ್ಚೂ ಇಲ್ಲ.