ಇನ್ನೊಂದೇ ಸಲ ತೋಪಡ

ನಮ್ಮ ಮನೆಯಲ್ಲಿ ಅಜ್ಜ ಮಾಡಿಸಿದ ಬೀಟೆಯ ಮಂಚ ಒಂದಿದೆ. ನಾಲ್ಕು ಜನ ಕೈಹಚ್ಚಿದರೂ ಅಲುಗದ ಆ ಮಂಚದ ವಿಷಯದಲ್ಲಿ ನಮಗೆಲ್ಲ ಒಂದಿಷ್ಟು ಜಂಭ. ಪ್ರಪಂಚದ ಒಳ್ಳೊಳ್ಳೆಯ ಕ್ಲಾಸಿಕಲ್ ಗಿಟಾರುಗಳ ಬೆನ್ನಿಗೂ ಪಕ್ಕೆಗೂ ನಮ್ಮ ದೇಶದ ಬೀಟೆಯನ್ನೇ ಹಾಕುತ್ತಾರೆ ಎಂದು ತಿಳಿದ ದಿನ ನಾನು ಅದರ ಮೇಲೆ ತುಸು ನೆಟ್ಟಗೆ ಕುಳಿತೆ. ಬೀಟೆಯ ಬಳಗದ್ದೇ ಆದ ಬ್ರೆಜಿಲ್ ದೇಶದ ರೋಸ್‌ವುಡ್ ಮಾರಾಟಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿತ್ತು. ಆಮೇಲಂತೂ ನಮ್ಮ ಮರವೇ ಹಿರಿಯಕ್ಕ.

ಆ ಜಂಭ ಇಳಿಸಿದವನು ಆಂಟೋನಿಯೊ ದೆ ತೊರ್ರೆಸ್. 1817ರಲ್ಲಿ ಸ್ಪೇನಿನ ಅಲ್ಮೇರಿಯಾದ ಹತ್ತಿರ ಹುಟ್ಟಿದ ಬಡಗಿ. ಈಗ ನಾವು ಕ್ಲಾಸಿಕಲ್ ಗಿಟಾರ್ ಅನ್ನುವ ವಾದ್ಯದ ಮೈಕಟ್ಟು, 65 ಸೆಂಟಿಮೀಟರಿನ ತಂತಿಯಳತೆ ಎಲ್ಲ ಗಟ್ಟಿಯಾಗಿ ನೆಲೆನಿಂತದ್ದು ಇವನ ಕೈಯಲ್ಲಿ. ಈ ಪುಣ್ಯಾತ್ಮ 1862ರಲ್ಲಿ ಒಂದು ಗಿಟಾರ್ ಮಾಡಿದ. ಮುಖದ ಹಲಗೆ ಸ್ಪ್ರೂಸ್ ಮರದ್ದು, ಬೆನ್ನು ಪಕ್ಕೆ ಮಾತ್ರ ಕಾಗದದ ರಟ್ಟಿನವು! ದನಿ ಹುಟ್ಟುವುದು ಮುಖದಲ್ಲಿ, ಉಳಿದದ್ದೆಲ್ಲ ಪರಿವಾರ ಎಂದು ತೋರಿಸುವುದಕ್ಕೆ. ಬಾರ್ಸೆಲೋನಾದ ಸಂಗೀತ ಸಂಗ್ರಹಾಲಯದಲ್ಲಿ ಅದು ಇವತ್ತಿಗೂ ಇದೆ. ಅಂದರೆ ನಮ್ಮ ಬೀಟೆ ಅಲ್ಲಿ ಜರಿಪೇಟ ಸುತ್ತಿಕೊಂಡು ಮದುವೆಮನೆಯ ಬಾಗಿಲಲ್ಲಿ ನಿಂತ ಹಿರಿಯರ ಹಾಗೆ. ಶೋಭೆಗೆ ಬೇಕು, ತಾಳಿ ಕಟ್ಟುವವರು ಬೇರೆ. (ಬೆನ್ನಿನ ಮರಕ್ಕೂ ದನಿಯಲ್ಲಿ ಪಾಲಿದೆ ಎಂದು ಜಗಳ ಕಾಯುವ ಕುಶಲಕರ್ಮಿಗಳಿದ್ದಾರೆ. ಮಂಚದ ಮರ್ಯಾದೆಗಾಗಿ ನಾನು ಅವರ ಪಕ್ಷ.)

ನಿವೃತ್ತಿಯಾದ ಮೇಲೆ ಗಂಡಸರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಜೇನು ಸಾಕುತ್ತಾರೆ, ಕೆಲವರು ವಂಶವೃಕ್ಷ ಬರೆಯುತ್ತಾರೆ. ನಾನು ಸಾಗರದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗಿಟಾರಿನ ಮುಖ ಮಾಡಲು ಕುಳಿತೆ. ಪೂರ್ತಿ ಗಿಟಾರ್ ಎಂದರೆ ಹೆಂಡತಿ ಒಪ್ಪುತ್ತಿರಲಿಲ್ಲ.

ತರಿಸಿದ ಸ್ಪ್ರೂಸ್ ಹಲಗೆ ಕೆನೆಬಣ್ಣದ್ದು. ಬಾಚಣಿಗೆ ಎಳೆದ ಹಾಗೆ ಒತ್ತೊತ್ತಾಗಿ ನೇರ ಗೆರೆಗಳು. ಒಂದೇ ತುಂಡನ್ನು ಸೀಳಿ, ಪುಸ್ತಕ ತೆರೆದಂತೆ ಬಿಡಿಸಿ, ನಡುವೆ ಅಂಟಿಸಬೇಕು. ಆಮೇಲೆ ತೋಪಡ ಹೊಡೆದು ಎರಡೂವರೆ ಮಿಲಿಮೀಟರಿಗೋ ಎರಡಕ್ಕೋ ಇಳಿಸಬೇಕು. ಈ ಮರಕ್ಕೆ ಎಳೆಯುದ್ದಕ್ಕೆ ಇರುವ ಬಿಗಿಯ ಹತ್ತರಲ್ಲೊಂದು ಪಾಲೂ ಅಡ್ಡಕ್ಕೆ ಇರುವುದಿಲ್ಲ. ಅದರ ಮೇಲೆ ಆರು ತಂತಿ ಸೇರಿ ನಲವತ್ತು ಕಿಲೋದಷ್ಟು ಜಗ್ಗುತ್ತವೆ. ಹಲಗೆ ಮುರಿಯಬಾರದು, ಹಾಗೆಂದು ಬಿಗಿದು ಕೂರಲೂಬಾರದು. ಅದಕ್ಕೇ ಒಳಗೆ ಪಟ್ಟಿ ಕಟ್ಟುವುದು. ದನಿರಂಧ್ರದ ಮೇಲೊಂದು ಕೆಳಗೊಂದು ದಪ್ಪ ಅಡ್ಡಪಟ್ಟಿ. ಅಲ್ಲಿಂದ ಕೆಳಕ್ಕೆ ಬೀಸಣಿಗೆ ಬಿಚ್ಚಿದ ಹಾಗೆ ಏಳು ಸಣ್ಣ ಪಟ್ಟಿ, ತುದಿಯಲ್ಲಿ ಅವನ್ನು ತಡೆದು ನಿಲ್ಲಿಸುವ ಎರಡು ಓರೆಪಟ್ಟಿ. ಬೀಸಣಿಗೆ ತೊರ್ರೆಸನ ಸ್ವಂತದ್ದಲ್ಲ. ಹದಿನೆಂಟನೇ ಶತಮಾನದಲ್ಲೇ ಸೆವಿಲ್ಲೆ, ಕಾದಿಸ್ ಊರುಗಳವರು ಅದನ್ನು ಬಳಸಿದ್ದರು. ಹದ ಹಾಕಿದವನು ಇವನು. ಮುಂದೆ ಮ್ಯೂನಿಕ್ಕಿನ ಹೆರ್ಮನ್ ಹೌಸರ್ ಇದೇ ಜಾಡು ಹಿಡಿದು 1937ರಲ್ಲಿ ಗಿಟಾರ್ ವಾದಕ ಸೆಗೋವಿಯಾನಿಗೆ ಮಾಡಿಕೊಟ್ಟ ಗಿಟಾರ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದೆ. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಬೀಸಣಿಗೆಯನ್ನೇ ಕಿತ್ತುಹಾಕಿ ಬಾಲ್ಸಾ ಮರ, ಕಾರ್ಬನ್ ಫೈಬರಿನ ಜಾಳಿಗೆ ಹೆಣೆದ. ದನಿ ದೊಡ್ಡದು, ಒಪ್ಪಿದೆ. ನನಗೇಕೋ ಮೈಕಿನಲ್ಲಿ ಪಿಸುಮಾತು ಕೇಳಿದಂತಾಗುತ್ತದೆ.

ಪಟ್ಟಿಗಳನ್ನು ಮರವಜ್ರದಲ್ಲಿ ಅಂಟಿಸಿ ಒತ್ತಿಹಿಡಿಯಲು ನಾನು ಕಂಡುಕೊಂಡ ದಾರಿ, ಬಿದಿರ ಸಿಬಿರುಗಳನ್ನು ಬಾಗಿಸಿ ಅಟ್ಟಕ್ಕೂ ಹಲಗೆಗೂ ನಡುವೆ ಊರುಗೊಡುವುದು. ಪಕ್ಕದ ಮನೆಯವರು ಇಣುಕಿ, “ಯಾವಾಗ ಮದುವೆ?” ಎಂದರು. ಅವರಿಗೆ ಅದು ಚಪ್ಪರದ ಹಾಗೆ ಕಂಡಿತ್ತು. ಕಷ್ಟ ಅದಲ್ಲ, ಮಳೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅಂಟಿಸಿದರೆ ಉಬ್ಬಿದ ಹಲಗೆ ಬೇಸಿಗೆಯಲ್ಲಿ ಕುಗ್ಗಲು ಹೋಗಿ ಸೀಳುತ್ತದೆ. ಹಪ್ಪಳ ಒಣಗದ ಆಷಾಢದಲ್ಲಿ ನನ್ನ ಕಸುಬು ಶುರುವಾಗಿತ್ತು. “ನಮ್ಮತ್ತೆಯನ್ನು ಕೇಳಿದ್ದರೆ ಹೇಳುತ್ತಿದ್ದರು, ಈಗ ಯಾವುದನ್ನೂ ತೆಳ್ಳಗೆ ಮಾಡಬೇಡಿ ಅಂತ” ಎಂದಳು ಹೆಂಡತಿ. ಸಂಕ್ರಾಂತಿಯ ಬಿಸಿಲಿನವರೆಗೆ ಕಾದೆ.

ಆಮೇಲೆ ಕೆತ್ತುವ ಕೆಲಸ. ಗುಡಿಗಾರರ ಕೇರಿಯ ಪರಿಚಿತರೊಬ್ಬರ ಹತ್ತಿರ ಚಿಕ್ಕ ಉಳಿ ಎರವಲು ತಂದಿದ್ದೆ. ಗಂಧದಲ್ಲಿ ಗಣಪತಿಯ ಕಣ್ಣುರೆಪ್ಪೆ ಬಿಡಿಸುವ ಉಳಿ ಅದು. ಕೊಡುವಾಗ ಅವರ ಮುಖದಲ್ಲಿ ಮಗಳನ್ನು ದೂರದೂರಿಗೆ ಕೊಟ್ಟ ಕಳವಳ. ಪಟ್ಟಿಯ ತುದಿ ಕೆತ್ತುತ್ತ, ಬೆರಳಗಂಟಿನಿಂದ ಹಲಗೆ ತಟ್ಟುತ್ತ, ಕಿವಿಗೊಡುತ್ತ ಹೋಗಬೇಕು. ಈ ವಿದ್ಯೆ ನಮಗೆ ಹೊಸದಲ್ಲ, ಹಲಸಿನಕಾಯಿ ಬಲಿತಿದೆಯೇ ಎಂದು ಬಡಿದು ನೋಡುವುದೂ ಇದೇ. ವ್ಯತ್ಯಾಸವೇನೆಂದರೆ ಹಲಸು ಇವತ್ತು ಹೇಳದಿದ್ದರೆ ನಾಳೆ ಹೇಳುತ್ತದೆ. ಪಟ್ಟಿ ಹಾಗಲ್ಲ. ಅಗಲ ಅರ್ಧ ಮಾಡಿದರೆ ಬಿಗಿಯೂ ಅರ್ಧ, ಆದರೆ ಎತ್ತರ ಅರ್ಧ ಮಾಡಿದರೆ ಉಳಿಯುವುದು ಎಂಟರಲ್ಲೊಂದು. ಐದು ಮಿಲಿಮೀಟರಿನ ಪಟ್ಟಿಯಿಂದ ಅರ್ಧ ಮಿಲಿಮೀಟರ್ ತೆಗೆದಿರೋ, ಕಾಲುಭಾಗಕ್ಕಿಂತ ಹೆಚ್ಚು ಬಿಗಿ ಹೋಯಿತು.

ಕೆತ್ತಿದ ಹಾಗೆಲ್ಲ ದನಿ ತುಂಬಿಕೊಳ್ಳುತ್ತ ಬಂತು. ಟಕ್ ಅಂದದ್ದು ಟೊಂಕ್ ಆಯಿತು, ಟೊಂಕ್ ಅಂದದ್ದು ಡೊಂವ್ ಎಂದಿತು. ಅಲ್ಲಿಗೆ ಎದ್ದು ಕಾಫಿಗೆ ಹೋಗಬೇಕಿತ್ತು. ಇನ್ನೊಂದೇ ಸಲ ಎಂದು ಕೈ ಆಡಿಸಿದೆ. ಡೊಂವ್ ಹೋಗಿ ಹಳೇ ಡಬ್ಬದ ಡಬ್ ಬಂತು.

ಮುದಿ ತೊರ್ರೆಸನನ್ನು ಯಾರೋ ಗುಟ್ಟೇನೆಂದು ಕೇಳಿದಾಗ, ಅದು ತನ್ನ ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿದೆ, ಹೇಳಿಕೊಡಲು ಬರುವುದಿಲ್ಲ ಎಂದನಂತೆ. ಅವನ ಸ್ನೇಹಿತ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ. ಅಂಥವನೂ ನಡುವೆ ಕೆಲವು ವರ್ಷ ಗಿಟಾರ್ ಬಿಟ್ಟು ಅಲ್ಮೇರಿಯಾದಲ್ಲಿ ಪಿಂಗಾಣಿ ಅಂಗಡಿ ನಡೆಸಿದ ಎಂಬುದು ನನಗೆ ದೊಡ್ಡ ಸಮಾಧಾನ. ಕಪ್ಪು ಬಸಿಗಳನ್ನೂ ತಟ್ಟಿ ನೋಡಿಯೇ ಕೊಟ್ಟಿರಬೇಕು.

ಈಗ ಎರಡನೇ ಹಲಗೆ ಬಂದಿದೆ. ನಿನ್ನೆ ಮಂಚದ ಮೇಲೆ ಕುಳಿತು ತಟ್ಟಿ ಆಲಿಸುತ್ತಿದ್ದೆ. ಒಳಗಿನಿಂದ ಹೆಂಡತಿ ಕೂಗಿದಳು: “ಯಾರೋ ಆಗಿಂದ ಬಾಗಿಲು ಬಡೀತಿದಾರೆ, ಕಿವಿ ಕೇಳ್ಸಲ್ವಾ?”