ಲ್ಯಾಪ್‌ಟಾಪಿಗೆ ಬಂದ ಮಧುಗಿರಿ ಪ್ಯಾಸೆಂಜರ್

ತುಮಕೂರಿಗೆ ರೈಲು ಬಂದಿದ್ದು 1884ರಲ್ಲಿ. ಅಲ್ಲಿಂದ ಮಧುಗಿರಿಗೆ 40 ಚಿಲ್ಲರೆ ಕಿಲೋಮೀಟರ್. ಆ 40 ಚಿಲ್ಲರೆ ಕಿಲೋಮೀಟರನ್ನು ರೈಲು ಇನ್ನೂ ಕ್ರಮಿಸುತ್ತಲೇ ಇದೆ. ನಾವು ಮಧುಗಿರಿಯವರೂ ಅವಸರದ ಜನ ಅಲ್ಲ ಬಿಡಿ. ದಿನಬೆಳಗಾದರೆ ಏಕಶಿಲಾ ಬೆಟ್ಟದ ಮುಖ ನೋಡಿ ಎದ್ದವರು. ಅಲುಗದೆ ಕೂರುವುದು ಹೇಗೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2007–08ರ ರೈಲ್ವೆ ಬಜೆಟ್ಟಿನಲ್ಲಿ ರಾಯದುರ್ಗ–ತುಮಕೂರು ಲೈನು ಮಂಜೂರಾಯಿತು. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ, ಕೊರಟಗೆರೆ ಮೇಲೆ ಸುಮಾರು 207 ಕಿಲೋಮೀಟರ್. ಶಿರಾದವರು ಸುಮ್ಮನಿರುತ್ತಾರೆಯೇ? 2011–12ರಲ್ಲಿ ಅವರಿಗೂ ಒಂದು ಸಿಕ್ಕಿತು: ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ. ನಮ್ಮ ಲೈನಿನ ಆಚೆ ತುದಿಯಲ್ಲಿ ಕಲ್ಯಾಣದುರ್ಗ ದಾಟಿ ಕದಿರಿದೇವರಪಲ್ಲಿ ತನಕ ಹಳಿ ಬಂದು ರೈಲೂ ಓಡಿತು. 2024ರಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣನವರೇ ರೈಲ್ವೆ ರಾಜ್ಯ ಸಚಿವರಾದರು. ಆಗ ನಮ್ಮೂರಿನ ಬಸ್‌ ಸ್ಟ್ಯಾಂಡಿನಲ್ಲಿ ಕೆಲವರು ಗಡಿಯಾರ ನೋಡಿಕೊಂಡರು.

ಅಷ್ಟರಲ್ಲಿ ನನ್ನ ತಂಗಿ ಮಗ ಮಧುಗಿರಿಗೆ ರೈಲು ತಂದೇಬಿಟ್ಟ. ಲೈನು ಮಂಜೂರಾದಾಗ ತೊಟ್ಟಿಲಲ್ಲಿ ಮಲಗಿ ಕಾಲಾಡಿಸುತ್ತಿದ್ದ ಹುಡುಗ. ತಂದಿದ್ದು ಲ್ಯಾಪ್‌ಟಾಪಿಗೆ, ಅದು ಬೇರೆ ಮಾತು. ಓಪನ್ ರೈಲ್ಸ್ ಎಂದು ಒಂದು ರೈಲಾಟ, ಕಾಸು ಕೇಳುವುದಿಲ್ಲ. 2001ರಲ್ಲಿ ಮೈಕ್ರೋಸಾಫ್ಟಿನವರು ಬಿಟ್ಟ ಟ್ರೈನ್ ಸಿಮ್ಯುಲೇಟರಿನ ಮಾರ್ಗಗಳನ್ನೆಲ್ಲ ಅದು ಈಗಲೂ ಓಡಿಸುತ್ತದೆ. ಹೊಸ ಮಾರ್ಗ ಕಟ್ಟಲು ರೂಟ್ ಎಡಿಟರ್ ಇದೆ. ಮೊದಲು ನೆಲ ಬೇಕು. ಆ ನೆಲದ ಮೇಲೆ ನಕ್ಷೆಯ ಚಿತ್ರ ಹಾಸಬೇಕು. ಆಮೇಲೆ ಗೆರೆ ಹಿಡಿದು ಹಳಿ ಎಳೆಯುತ್ತ ಹೋಗಬೇಕು.

‘ನೆಲ ಎಲ್ಲಿಂದ ತಂದ್ಯೋ?’ ಅಂದೆ.

‘ನಾಸಾದಿಂದ, ಮಾವ.’

ತಮಾಷೆಯಲ್ಲ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ, ಲೋಕದ ನೆಲದಲ್ಲಿ ನೂರಕ್ಕೆ 80 ಪಾಲಿನಷ್ಟರ ಏರುತಗ್ಗನ್ನು ರಾಡಾರಿನಿಂದ ಅಳೆದುಕೊಂಡು ಹೋಯಿತು. ಕೊರಟಗೆರೆ, ಮಿಡಿಗೇಶಿ, ತಿರುಮಣಿ ಎಲ್ಲ ಆ ಲೆಕ್ಕದಲ್ಲಿ ಸೇರಿದವು. ಲೈನು ಮಂಜೂರಾಗುವ 7 ವರ್ಷ ಮೊದಲೇ ನಮ್ಮೂರಿನ ಲೆವೆಲ್ಲು ಅಮೆರಿಕದವರ ಕೈಯಲ್ಲಿತ್ತು. ಆ ನೆಲವನ್ನು ಆಟದವರು 2,048 ಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿಕೊಳ್ಳುತ್ತಾರೆ. ರೈಲು ನೆಟ್ಟಗೆ ಹೋದರೂ ನಮ್ಮ ಲೈನಿಗೆ ನೂರಕ್ಕೆ ಮೇಲೆ ಚೌಕ. ನಮ್ಮ ಲೈನು ನೆಟ್ಟಗೆ ಹೋಗುತ್ತದೆ ಎಂದು ನಿಮಗೆ ಯಾರು ಹೇಳಿದರು?

ಹುಡುಗ ಮೊದಲು ಹಾಸಿದ್ದು ಪೇಪರಿನಲ್ಲಿ ಬಂದಿದ್ದ ನಕ್ಷೆ. ಚಿತ್ರ ಕೂರಿಸುವುದಕ್ಕೆ ಎರಡು ಗುರುತು ಸಾಕಂತೆ: ಚಿತ್ರದ ತುಮಕೂರು ನೆಲದ ತುಮಕೂರಿನ ಮೇಲೆ, ಚಿತ್ರದ ರಾಯದುರ್ಗ ನೆಲದ ರಾಯದುರ್ಗದ ಮೇಲೆ. ಮಿಕ್ಕಿದ್ದು ತಾನೇ ಹಿಗ್ಗಿ ಕುಗ್ಗಿ ಕೂರುತ್ತದೆ. ಕೂತಿತು. ತುದಿಗಳೆರಡೂ ಸರಿಯಾಗಿದ್ದವು, ನಡುವಿನ ಊರುಗಳೆಲ್ಲ ಗುಳೆ ಎದ್ದಿದ್ದವು. ಪೇಪರಿನ ಕಲಾವಿದರಿಗೆ ಊರಿನ ಹೆಸರು ಒಂದರ ಮೇಲೊಂದು ಬೀಳದಿದ್ದರೆ ಸಾಕು. ಅದಕ್ಕೆ ಬೇಕಾದ ಹಾಗೆ ಗೆರೆ ಬಗ್ಗಿಸುತ್ತಾರೆ. ಹುಡುಗ ಆ ಗೆರೆಯನ್ನೇ ನಂಬಿ ಹಳಿ ಎಳೆದ. ಮಧುಗಿರಿ ಪ್ಯಾಸೆಂಜರ್ ಸೀದಾ ಬೆಟ್ಟ ಹತ್ತಿತು!

ಆ ಬೆಟ್ಟವನ್ನು ಕಂಬಿ ಹಿಡಿದು ಹತ್ತುವ ಮನುಷ್ಯರೇ ಅರ್ಧದಲ್ಲಿ ಕೂತು ನೀರು ಕೇಳುತ್ತಾರೆ. 100 ಮೀಟರ್ ಮುಂದಕ್ಕೆ 1 ಮೀಟರ್ ಏರು, ಬ್ರಾಡ್‌ಗೇಜಿಗೆ ಹಿತವಾದ ಲೆಕ್ಕ ಅದು. ಬೆಟ್ಟದ ತುದಿ ಊರಿಗಿಂತ ಸುಮಾರು 400 ಮೀಟರ್ ಮೇಲಿದೆ. ಅಂದರೆ 40 ಕಿಲೋಮೀಟರ್ ಏರುದಾರಿ. ತುಮಕೂರು ಬಿಟ್ಟ ಕ್ಷಣದಿಂದಲೇ ಏದುಸಿರು ಬಿಡುತ್ತ ಬರಬೇಕು. ಬೆಟ್ಟದ ಮೇಲಿನ ಕೋಟೆ ನೋಡುವವರಿಗೆ ಅನುಕೂಲವಾಗುತ್ತಿತ್ತು ನಿಜ.

ಆಮೇಲೆ ಒಂದು ಸ್ಟೇಷನ್ನಿನ ಸಿಗ್ನಲ್ ನಕ್ಷೆಯ ಮಾದರಿ ಹಿಡಿದುಕೊಂಡು ಬಂದ. ಅದನ್ನು ಹಾಸಿದರೆ ಯಾರ್ಡು ಬಸ್‌ ಸ್ಟ್ಯಾಂಡಿನಷ್ಟಾಯಿತು. ಪಕ್ಕದ ಮನೆಯಲ್ಲಿ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಪಿಡಬ್ಲ್ಯೂಐ ಆಗಿ ರಿಟೈರಾದವರಿದ್ದಾರೆ. ಕಾಫಿ ಲೋಟ ಹಿಡಿದೇ ಬಗ್ಗಿ ನೋಡಿ, ‘ಗೆರೆ ನಂಬಬೇಡ ಕಣಪ್ಪ, ಅಂಕಿ ನಂಬು’ ಅಂದರು. ಸಿಗ್ನಲ್ ನಕ್ಷೆ ಅಳತೆಗೆ ಬರೆದಿದ್ದಲ್ಲ, ಹಾಳೆಗೆ ಹಿಡಿಯಲಿ ಎಂದು ಅಮುಕಿ ಬರೆದಿದ್ದು. ದೂರ ಬೇಕಾದರೆ ಸಿಗ್ನಲ್ ಕಂಬಗಳ ಪಕ್ಕ ಬರೆದ ಚೈನೇಜ್ ಓದಬೇಕು. ಗೂಡ್ಸ್ ಗಾಡಿ ನಿಲ್ಲುವ ಲೂಪ್ ಲೈನಿಗೇ 686 ಮೀಟರ್ ಬೇಕು. ತಿರುವಿನ ಹತ್ತಿರ 2 ಡಿಗ್ರಿ ಎಂದಿದ್ದರೆ ಹಳಿಯನ್ನು 2 ಡಿಗ್ರಿ ತಿರುಗಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. 1,750ನ್ನು ಡಿಗ್ರಿಯಿಂದ ಭಾಗಿಸಿದರೆ ಮೀಟರಿನಲ್ಲಿ ತ್ರಿಜ್ಯ, ಅಂದರೆ 875. ಹುಡುಗ ಬಾಯಿಬಿಟ್ಟುಕೊಂಡು ಕೇಳಿದ. ರಿಟೈರಾದವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಡ್ಯೂಟಿಯ ಕಳೆ.

ಈ ಹುಚ್ಚು ನಮ್ಮ ಹುಡುಗನೊಬ್ಬನದಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಬೀಚಿಂಗ್ ಎಂಬುವರ ವರದಿ 2,363 ಸ್ಟೇಷನ್ ಮುಚ್ಚಿ ಎಂದಿತು. ಸಾಮರ್‌ಸೆಟ್–ಡಾರ್ಸೆಟ್ ಲೈನು 1966ರಲ್ಲಿ ಮುಚ್ಚಿಹೋಯಿತು, ಕಂಪ್ಯೂಟರಿನಲ್ಲಿ ಇವತ್ತಿಗೂ ಓಡುತ್ತದೆ. ಹಳೆ ನಕ್ಷೆ ಹುಡುಕಿ, ಸತ್ತ ಹಳಿಯನ್ನು ಇಂಚಿಂಚು ಎಬ್ಬಿಸುತ್ತಾರೆ ಅಲ್ಲಿನ ಮುದುಕರು. ಅವರದು ವರ್ಷದ ತಿಥಿ, ನಮ್ಮದು ಹೆರಿಗೆಗೆ ಮುಂಚೆ ನಾಮಕರಣ.

ಇತ್ತ ನಮ್ಮ ಹುಡುಗನ ಕೈಗೆ ಅಳತೆಗೆ ಬರೆದ ಟೋಪೋ ನಕ್ಷೆಯ ಶೀಟು ಬಂದಮೇಲೆ ಕೆಲಸ ಹದಕ್ಕೆ ಬಂತು. 50,000ಕ್ಕೆ 1ರ ಅಳತೆ. ಮನೆಯ ಗುಟ್ಟು ರಟ್ಟಾಗಿದ್ದೂ ಆಗಲೇ. ರೈಲು ಬರುತ್ತಿದೆ ಎಂಬ ಸುದ್ದಿ ಹರಡಿ ನೆಂಟರು ಬರತೊಡಗಿದರು. ಮೊದಲು ಶಿರಾದ ಬೀಗರು. ‘ಮೊಗಲರ ಕಾಲ್ದಾಗೆ ಸುಬಾ ರಾಜಧಾನಿ ಆಗಿದ್ದೂರು ನಮ್ದು. ಇದ್ರಾಗೆ ಶಿರಾನೇ ಇಲ್ವಲ್ಲ?’

‘ನಿಮ್ದು ಬೇರೆ ಫೈಲು ತಾತ’ ಅಂದ ಹುಡುಗ. ಬೀಗರು ಉಪ್ಪಿಟ್ಟು ಪೂರ್ತಿ ತಿನ್ನದೆ ಎದ್ದರು.

ಪಾವಗಡದ ಚಿಕ್ಕಪ್ಪ ಬೇರೆ ಜಾತಿ. ಅವರ ತಾಲ್ಲೂಕಿನ ಸುತ್ತ ಆಂಧ್ರ ಹೇಗೆ ಕವಿದುಕೊಂಡಿದೆ ಎಂದರೆ ಈ ರೈಲು ಕರ್ನಾಟಕ ಬಿಟ್ಟು ಮಡಕಶಿರಾ ಮುಟ್ಟಿ, ಮತ್ತೆ ಕರ್ನಾಟಕಕ್ಕೆ ಬಂದು, ಪಾವಗಡ ದಾಟಿ ಮತ್ತೆ ಆಂಧ್ರಕ್ಕೆ ಹೋಗಬೇಕು. ಚಿಕ್ಕಪ್ಪ ಅದಕ್ಕೆಲ್ಲ ತಲೆಕೆಡಿಸಿಕೊಳ್ಳುವವರಲ್ಲ, ಎರಡು ಭಾಷೆಯಲ್ಲೂ ಬಯ್ಯಬಲ್ಲರು. ಅವರ ಕಣ್ಣು ಬಿದ್ದಿದ್ದು ಬೇರೆ ಕಡೆ. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಆಯಿತಲ್ಲ, ಅಲ್ಲಿ ಜಮೀನು ಕೊಂಡಿಲ್ಲ, ಗುತ್ತಿಗೆಗೆ ತಗೊಂಡಿದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ‘ರೈಲ್ವೆಯವ್ರಿಗೂ ಗುತ್ತಿಗೆಗೇ ಕೊಡಾಣ, ಆ ಕಂಪ್ಯೂಟ್ರಾಗೆ ಬರೀಲಾ’ ಅಂದರು. ಹುಡುಗ ಬರೆಯಲಿಲ್ಲ. ಸೋಲಾರ್ ಹಲಗೆ ಜೋಡಿಸಿ ಜೋಡಿಸಿ ಲ್ಯಾಪ್‌ಟಾಪ್ ಅಷ್ಟುಹೊತ್ತಿಗೆ ನಿಂತುಹೋಗಿತ್ತು.

ಕೊನೆಗೆ ಬಂದವರು ಕೊರಟಗೆರೆಯ ದೊಡ್ಡಪ್ಪ. ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗಿಸಿದರು. ಹುಡುಗ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಲೈನು ಎಳೆದು ಸ್ಕ್ಯಾನ್ ಮಾಡಿ ಹಾಸಿದ್ದ. ಗೆರೆ ಅವರ ಅಡಿಕೆ ತೋಟದ ಮೇಲೆ ಮಲಗಿತ್ತು.

‘ಇದೇನ್ಲಾ ಇಷ್ಟು ದಪ್ಪ?’

‘1 ಮಿಲಿಮೀಟರ್ ಗೆರೆ ಅಷ್ಟೇ ತಾತ. ನೆಲದ ಮೇಲೆ 50 ಮೀಟರ್ ಆಗುತ್ತೆ.’

ದೊಡ್ಡಪ್ಪ ಒಂದು ನಿಮಿಷ ಮಾತಾಡಲಿಲ್ಲ. ‘ಪೆನ್ಸಿಲ್ ಚೂಪು ಮಾಡ್ಕೊಳಾ’ ಅಂದರು.

ನನ್ನ ಕೇಳಿದರೆ, ನಮ್ಮ ಲೈನಿನ ಪುರಾಣವೆಲ್ಲ ಆ ಒಂದು ಮಿಲಿಮೀಟರಿನಲ್ಲಿದೆ. ಹಳಿಗೂ ಹಳಿಗೂ ನಡುವಿನ ಅಂತರ 1,676 ಮಿಲಿಮೀಟರ್, ಅಷ್ಟಕ್ಕೆ ಯಾರೂ ತಕರಾರು ಮಾಡುವುದಿಲ್ಲ. ತಕರಾರಿರುವುದು ಮಿಕ್ಕ 48 ಮೀಟರಿನ ಮೇಲೆ. ಅದರಲ್ಲಿ ಬೋರ್‌ವೆಲ್ ಇರುತ್ತದೆ, ಹುಣಸೆ ಮರ ಇರುತ್ತದೆ, ಅಣ್ಣತಮ್ಮಂದಿರ ಪಾಲಿನ ಕೇಸಿರುತ್ತದೆ. ರೂಟ್ ಎಡಿಟರಿನಲ್ಲಿ ಮರ ಇಡುವ ಗುಂಡಿ ಇದೆ, ಹಸು ನಿಲ್ಲಿಸುವ ಗುಂಡಿ ಇದೆ. ಪಹಣಿ ತೆರೆಯುವ ಗುಂಡಿ ಇಲ್ಲ. ಅದಕ್ಕೇ ಅಲ್ಲಿ ರೈಲು ಬೇಗ ಬರುತ್ತದೆ.

ದೊಡ್ಡಪ್ಪ ಹಠ ಬಿಡಲಿಲ್ಲ. ಸ್ಟೇಷನ್ ಅವರ ತೋಟದ ಬೇಲಿಗೆ ಅಂಟಿಕೊಂಡಿರಬೇಕು, ಹಳಿ ಮಾತ್ರ ಆಚೆ ಊರವರ ಹೊಲದಲ್ಲಿ ಹೋಗಬೇಕು. ಆಗುವುದಿಲ್ಲ ಎಂದು ನಾನು ಹೇಳಲು ಹೊರಟರೆ ಹುಡುಗ ತಡೆದ. ಆಗುತ್ತದಂತೆ. ಎಡಿಟರಿಗೆ ಸ್ಟೇಷನ್ ಎಂದರೆ ಬರೀ ಒಂದು ಕಟ್ಟಡ. ಹಳಿ ಪಕ್ಕದಲ್ಲೇ ಇರಬೇಕೆಂದು ಅದು ಕೇಳುವುದಿಲ್ಲ. ಇಟ್ಟೂಬಿಟ್ಟ. ಹಳದಿ ಬೋರ್ಡು, ಪ್ಲಾಟ್‌ಫಾರಂ, ಬೆಂಚು, ಗಡಿಯಾರ, ಟಿಕೆಟ್ ಕೌಂಟರ್ ಎಲ್ಲ ಅಡಿಕೆ ತೋಟದ ಬೇಲಿಗೆ ಒತ್ತಿಕೊಂಡು ನಿಂತವು. ಹಳಿ ಎರಡು ಕಿಲೋಮೀಟರ್ ಆಚೆ.

‘ಹಾಂ, ಇದು ಸ್ಟೇಷನ್’ ಅಂದರು ದೊಡ್ಡಪ್ಪ. ‘ಇಲ್ಲೊಂದು ಕ್ಯಾಂಟೀನ್ ಇಡ್ಲಾ. ಟೆಂಡರ್ ನಮ್ಮ ಸಣ್ಣೋನ ಹೆಸ್ರಿಗೆ.’