ಛತ್ರಿ ಇರಲಿ ಬೀಗರೇ

ನೆಹರು ನಗರದ ಚಹಾದಂಗಡಿ. ಎದುರಿಗೆ ಕಾಕಾನ ಹೊಸ ಎಸ್‌ಯುವಿ. ಕಟ್ಟಿದ ಲಿಂಬಿಹಣ್ಣು ಇನ್ನೂ ಒಣಗಿಲ್ಲ.

"ಕಾಕಾ, 2025ರ ನವೆಂಬರ್‌ದಾಗ ಮಾರುತಿಯವರು 39,506 ಗ್ರ್ಯಾಂಡ್ ವಿಟಾರಾ ವಾಪಸ್ ಕರೆದ್ರು. ಎಣ್ಣಿ ಎಷ್ಟೈತಿ ಅಂತ ಮುಳ್ಳು ತಪ್ಪು ತೋರಿಸಬಹುದಂತ."

"ನಮ್ದು ಆ ಕಂಪನಿದಲ್ಲೋ. ನಮ್ಮ ಮುಳ್ಳು ಬರೋಬರಿ ಐತಿ, ಸನ್‌ರೂಫ್ ಅಷ್ಟ ಸೋರತೈತಿ. ಖಾನಾಪುರ ದಾಟೂದ್ರಾಗ ಸ್ಟೇರಿಂಗ್ ಮ್ಯಾಲೆ ತಟತಟ ನೀರು. ನಿಮ್ಮ ಕಾಕು ಒಳಗ ಛತ್ರಿ ಬಿಚ್ಚಿದ್ಲು."

"ಶೋರೂಮಿನವ್ರು ಏನಂದ್ರು?"

"'ಬ್ಯಾರೆ ಯಾರೂ ಕಂಪ್ಲೇಂಟ್ ಮಾಡಿಲ್ರಿ' ಅಂದ. ನನ್ನ ಹಿಂದ ನಾಕು ಮಂದಿ ಒದ್ದಿ ಸೀಟ್ ಕವರ್ ಹಿಡಕೊಂಡು ನಿಂತಿದ್ರು."

(ನಾಲ್ವರೂ ಗೂಗಲ್‌ನಲ್ಲಿ ಐದು ನಕ್ಷತ್ರ ಕೊಟ್ಟೇ ಹೊರಬಂದರು; ಕಾಫಿ ಪುಕ್ಕಟೆ ಇತ್ತು.)

"2021ರ ಏಪ್ರಿಲ್ 1ರಿಂದ ಕಾನೂನ ಐತಿ, ಕಾಕಾ. ಏಳು ವರ್ಷದೊಳಗಿನ ಗಾಡಿ, ಸುರಕ್ಷತೆಗೆ ಧಕ್ಕೆ ತರೋ ದೋಷ. ಕೇಂದ್ರದ ಪೋರ್ಟಲ್‌ನಾಗ ದೂರು ಕೊಡ್ರಿ. ಸಾಕಷ್ಟು ದೂರು ಬಂದ್ರ ತನಿಖೆ ಮಾಡಿ ಸರಕಾರನ ವಾಪಸ್ ಕರಸ್ತೈತಿ."

"ಹುಚ್ಚಾ! ದೂರು ಕೊಟ್ಟ ಗಾಡಿಗೆ ಮಾರೂ ಹೊತ್ತಿನಾಗ ರೇಟ್ ಬರ್ತೈತೇನು? ಬಾಯಿ ಮುಚ್ಚಿ ಚಹಾ ಕುಡಿ. ನಾಳೆ ಖಾನಾಪುರದ ಬೀಗರು ಗಾಡಿ ನೋಡಾಕ ಬರ್ತಾರ."

ಬೀಗರೇ, ಮಳೆ ಬರುವಾಗಲೇ ಬನ್ನಿ.